ಅನಿಲ ವರ್ಣಲೇಖನದಲ್ಲಿ ಸ್ತಂಭದ ಆಯ್ಕೆ: ಒಂದು ಚಾರಿತ್ರಿಕ ವಿಚಾರ

ಬೆರೆತ ದ್ರವ್ಯಗಳನ್ನು ಬೇರ್ಪಡಿಸಿ ಅಳೆಯುವ ಆಧುನಿಕ ವಿದ್ಯೆಗಳಲ್ಲಿ ಅನಿಲ ವರ್ಣಲೇಖನವೆಂಬುದು ಪ್ರಸಿದ್ಧವಾದುದು. ದ್ರವ್ಯವನ್ನು ಆವಿಯಾಗಿಸಿ, ಹೀಲಿಯಂ ಮೊದಲಾದ ಅನಿಲದ ಪ್ರವಾಹದೊಡನೆ ಉದ್ದವಾದ ನಳಿಕೆಯೊಳಗೆ ಹಾಯಿಸಿದರೆ, ಒಳಗಿನ ಲೇಪದಲ್ಲಿ ಹೆಚ್ಚು ಮಮತೆಯುಳ್ಳ ಅಂಶವು ತಡೆದು ಬರುತ್ತದೆ. ಮಮತೆಯಿಲ್ಲದುದು ಮುಂದಾಗಿ ಹೊರಡುತ್ತದೆ. ಈ ನಳಿಕೆಗೆ ಸ್ತಂಭವೆಂದು ಹೆಸರು. ಇಂದಿನ ನಳಿಕೆಯು ಸುರುಳಿ ಸುತ್ತಿದ ತಂತಿಯಂತಿದ್ದು ಅದರಲ್ಲಿ ಕಂಬದ ಲಕ್ಷಣವೊಂದೂ ಇಲ್ಲ. ಆದರೂ ಸ್ತಂಭ ಶಬ್ದದ ಧಾತುವಿಗೆ ತಡೆಯುವುದೆಂಬ ಅರ್ಥವಿರುವುದರಿಂದ ಹೆಸರು ಅನ್ವರ್ಥವೇ ಆಗಿದೆ. ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಪ್ರಾಯಶಃ ಯಂತ್ರದ ಸುಧಾರಣೆಗಳನ್ನೇ ವರ್ಣಿಸಿ, ಯಾವ ಕಾರ್ಯಕ್ಕೆ ಯಾವ ಸ್ತಂಭವೆಂಬ ವಿವೇಚನೆಯನ್ನು ಕೈಪಿಡಿಗಳಿಗೆ ಬಿಟ್ಟುಬಿಡುವರು. ಇದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ವರ್ಣಲೇಖನದ ಮೂಲಪುರುಷನು ರಷ್ಯದ ಸಸ್ಯಶಾಸ್ತ್ರಜ್ಞನಾದ ಮಿಖಾಯಿಲ್ ತ್ಸ್ವೆತ್. ಆತನು 1903ರಲ್ಲಿ ವಾರ್ಸಾದಲ್ಲಿ ತನ್ನ ವಿಧಾನವನ್ನು ವಿವರಿಸಿ, 1906ರಲ್ಲಿ ಅದಕ್ಕೆ ನಾಮಕರಣ ಮಾಡಿದನು. ಸೀಮೆಸುಣ್ಣದ ಪುಡಿಯನ್ನು ಗಾಜಿನ ಕೊಳವೆಯಲ್ಲಿ ತುಂಬಿ ಎಲೆಯ ರಸವನ್ನು ಇಳಿಸಿದಾಗ ಹಸುರು, ಹಳದಿ ಪಟ್ಟೆಗಳು ಬೇರೆ ಬೇರೆಯಾಗಿ ನಿಂತವು. ಗ್ರೀಕ್ ಭಾಷೆಯ ವರ್ಣ, ಲೇಖನ ಎಂಬರ್ಥದ ಶಬ್ದಗಳಿಂದ ಆ ಹೆಸರು ಬಂದಿತು. ತ್ಸ್ವೆತ್ ಎಂದರೆ ರಷ್ಯನ್ ಭಾಷೆಯಲ್ಲಿ ಬಣ್ಣವೆಂದೇ ಅರ್ಥ. ಆತನು ತನ್ನ ಹೆಸರನ್ನು ಶ್ಲೇಷೆಯಿಂದ ಅಡಗಿಸಿಟ್ಟನೋ ಏನೋ, ಸಾಹಿತ್ಯಾಭ್ಯಾಸಿಗಳು ಯೋಚಿಸಬಹುದು. 1919ರಲ್ಲಿ ಆತನು ತೀರಿಕೊಂಡ ಮೇಲೆ 1931ರವರೆಗೆ ಈ ವಿದ್ಯೆಗೆ ಹೆಚ್ಚಿನ ಆದರ ದೊರೆಯಲಿಲ್ಲ.

ದ್ರವಕ್ಕೆ ಬದಲಾಗಿ ಆವಿಯನ್ನೇ ಹರಿಯಿಸಬಹುದೆಂದು ಮಾರ್ಟಿನ್ ಮತ್ತು ಸಿಂಜ್ ಎಂಬ ಆಂಗ್ಲ ವಿದ್ವಾಂಸರು 1941ರಲ್ಲಿ ಬರೆದರು. ಅಚ್ಚಾಗಿ ಎಲ್ಲರ ಕಣ್ಣೆದುರಿಗಿದ್ದ ಆ ಸೂಚನೆಯನ್ನು ಸುಮಾರು ಹತ್ತು ವರ್ಷ ಯಾರೂ ಕೈಗೊಳ್ಳಲಿಲ್ಲ. ಈ ನಡುವೆ ಇನ್ಸ್‌ಬ್ರುಕ್ಕಿನಲ್ಲಿ ಎರಿಕಾ ಕ್ರೆಮರ್ ಎಂಬ ವಿದುಷಿಯು ಅನಿಲಗಳನ್ನು ಘನದ್ರವ್ಯದ ಮೇಲೆ ಹಾಯಿಸಿ ಬೇರ್ಪಡಿಸುವ ಮಾರ್ಗವನ್ನು ಯೋಚಿಸಿ, 1944ರಲ್ಲಿ ಲೇಖನವನ್ನು ಮುದ್ರಣಕ್ಕೆ ಕಳುಹಿಸಿದಳು. ಬಾಂಬಿನಿಂದ ಮುದ್ರಣಾಲಯವೇ ನಾಶವಾಯಿತು; ಆ ಲೇಖನವು ಬೆಳಕು ಕಂಡುದು 1976ರಲ್ಲಿ. ಗ್ರಂಥಗಳು ನಷ್ಟವಾಗಿ ಕರ್ತೃಗಳ ಹೆಸರು ಮಾತ್ರ ಉಳಿದಿರುವ ಉದಾಹರಣೆಗಳನ್ನು ಬಲ್ಲ ನಮಗೆ ಇದು ಅಪರಿಚಿತವಾದ ದುಃಖವಲ್ಲ. ಪ್ರಥಮತ್ವವನ್ನು ಮಾರ್ಟಿನ್ನನಿಗೆ ಮಾತ್ರ ಕೊಡುವವರು ಈ ಸಂಗತಿಯನ್ನು ಗಮನಿಸತಕ್ಕುದು.

ಆದರೆ ದ್ರವಲೇಪದ ಸ್ತಂಭವು 1952ರಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಲೇಖನದಿಂದಲೇ ಸ್ಥಾಪಿತವಾಯಿತೆಂಬುದರಲ್ಲಿ ಸಂಶಯವಿಲ್ಲ. ನಮ್ಮ ವಾದಕ್ಕೆ ಆಧಾರವಿರುವುದೂ ಇಲ್ಲಿಯೇ. ಅವರು ಬೇರ್ಪಡಿಸಿದುದು ಆವಿಯಾಗುವ ಕೊಬ್ಬಿನ ಆಮ್ಲಗಳನ್ನು. ಲೇಪಕ್ಕೆ ತೆಗೆದುಕೊಂಡುದು ಸಿಲಿಕೋನ್ ಎಣ್ಣೆಯನ್ನು. ಬರಿಯ ಸಿಲಿಕೋನಿನಲ್ಲಿ ಆಮ್ಲದ ಅಣುಗಳು ಎರಡೆರಡಾಗಿ ಜೊತೆಗೂಡಿ ರೇಖೆಯ ಆಕಾರವನ್ನು ಕೆಡಿಸುತ್ತವೆ. ಆದುದರಿಂದ ಅವರು ಲೇಪದಲ್ಲಿ ಸ್ಟಿಯರಿಕ್ ಆಮ್ಲವನ್ನು ಬೆರೆಸಿದರು. ಆಮ್ಲಗಳನ್ನು ಅಳೆಯುವುದಕ್ಕೆ ಆಮ್ಲಯುಕ್ತವಾದ ಲೇಪ! ಸಜಾತೀಯಕ್ಕೆ ಸಜಾತೀಯವನ್ನೇ ಒಡ್ಡಬೇಕೆಂಬ ನಿಯಮವನ್ನು ಮೊದಲ ಹೆಜ್ಜೆಯಲ್ಲಿಯೇ ಅನುಸರಿಸಿದಂತಾಯಿತು.

ಇದಾದ ಐದಾರು ವರ್ಷಗಳಲ್ಲಿ ಮಾರ್ಸೆಲ್ ಗೊಲೆ ಪುಡಿಯನ್ನು ತೆಗೆದುಹಾಕಿ, ಕೂದಲೆಳೆಯಷ್ಟು ಸಣ್ಣ ರಂಧ್ರದ ಬರಿದಾದ ನಳಿಕೆಯ ಗೋಡೆಗೇ ಲೇಪ ಹಚ್ಚಿದನು. 1958ರ ಆಮ್‌ಸ್ಟರ್‌ಡ್ಯಾಮ್ ಸಮ್ಮೇಳನದಲ್ಲಿ ಅದರ ಸಿದ್ಧಾಂತವನ್ನು ಮಂಡಿಸಿದನು. 1979ರಲ್ಲಿ ದಾಂದೆನೊ, ಜೆರೆನ್ನರ್ ಇವರು ಶುದ್ಧ ಸಿಲಿಕದ ಬಾಗುವ ನಳಿಕೆಯನ್ನು ತಂದರು. ಅಂದಿನಿಂದ, ಸ್ತಂಭವು ಉದ್ದವಾಗಿದ್ದರೆ ಸಾಕು, ಲೇಪದ ವಿಚಾರ ಗೌಣವೆಂಬ ಮಾತು ಕೇಳಿಬರತೊಡಗಿತು. ಈ ಮಾತು ಅರ್ಧಸತ್ಯ. ಉದ್ದವನ್ನು ಇಮ್ಮಡಿ ಮಾಡಿದರೆ ಬೇರ್ಪಡಿಕೆ ಹೆಚ್ಚುವುದು ಸುಮಾರು 1.4 ಪಟ್ಟು ಮಾತ್ರ, ಕಾಲವ್ಯಯವಾದರೋ ಇಮ್ಮಡಿ. ಎರಡು ದ್ರವ್ಯಗಳ ತಡೆಯ ಪ್ರಮಾಣವನ್ನು 1.01ರಿಂದ 1.02ಕ್ಕೆ ಏರಿಸುವ ಲೇಪ ದೊರೆತರೆ ಬೇರ್ಪಡಿಕೆಯೇ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಲೇಪಗಳನ್ನು ಅಳೆದು ವರ್ಗೀಕರಿಸುವ ಕಾರ್ಯವನ್ನು ರೋರ್‌ಶ್ನೈಡರ್ 1966ರಲ್ಲಿ ಕ್ರಮಪಡಿಸಿದನು. 1970ರಲ್ಲಿ ಮ್ಯಾಕ್‌ರೆನಾಲ್ಡ್ಸ್ ಬೆಂಜೀನ್ ಮೊದಲಾದ ಹತ್ತು ದ್ರವ್ಯಗಳಿಂದ 226 ಲೇಪಗಳನ್ನು ಪರೀಕ್ಷಿಸಿ, ಸ್ಕ್ವಾಲೇನನ್ನು ಮೂಲಮಾನವಾಗಿಟ್ಟು ಅಂಕಗಳನ್ನು ಕೊಟ್ಟನು. ಫಲವೇನು? ಹೆಸರು ಬೇರೆಯಾದರೂ ಗುಣ ಒಂದೇ ಆದ ಲೇಪಗಳು ಅನೇಕ ಹೊರಬಿದ್ದವು. ನಿಘಂಟಿನಲ್ಲಿ ಪರ್ಯಾಯ ಪದಗಳನ್ನು ಒಂದೆಡೆ ಕೂಡಿಸಿದಂತಹ ಉಪಕಾರವಿದು.

ಇಂದು ಪೆಟ್ರೋಲಿಯಂ ಜಾತಿಯ ಹೈಡ್ರೊಕಾರ್ಬನ್ನುಗಳಿಗೆ ಡೈಮೀಥೈಲ್ ಸಿಲಿಕೋನನ್ನೂ, ಮದ್ಯಸಾರಗಳಿಗೆ ಪಾಲಿಎಥಿಲೀನ್ ಗ್ಲೈಕಾಲನ್ನೂ, ಆಮ್ಲಜನಕ ಸಾರಜನಕಗಳಂತಹ ಅನಿಲಗಳಿಗೆ ರಂಧ್ರಮಯವಾದ ಅಣುಜರಡಿಯನ್ನೂ ಉಪಯೋಗಿಸುವರು. ಬೇಗ ಆವಿಯಾಗುವುದಕ್ಕೆ ದಪ್ಪ ಲೇಪ, ನಿಧಾನವಾಗಿ ಆವಿಯಾಗುವುದಕ್ಕೆ ತೆಳು ಲೇಪ. ಕೊಬ್ಬಿನಲ್ಲಿರುವ ಸಿಸ್, ಟ್ರಾನ್ಸ್ ಎಂಬ ಎರಡು ರೂಪಗಳಿಗೆ ಕುದಿಯುವ ಅಂಶದಲ್ಲಿ ಭೇದ ಅತ್ಯಲ್ಪವಾದುದರಿಂದ, ಸಿಲಿಕೋನ್ ಸ್ತಂಭವು ಅವನ್ನು ಕಲಸಿಬಿಡುತ್ತದೆ. ಸಯನೊಪ್ರೊಪೈಲ್ ಲೇಪದ 100 ಮೀಟರ್ ಉದ್ದದ ಸ್ತಂಭವನ್ನೇ ಹಿಡಿಯಬೇಕಾಗುತ್ತದೆ. ಅನುಚಿತವಾದ ಸ್ತಂಭವನ್ನಿಟ್ಟವನಿಗೆ ಯಂತ್ರವು ದೋಷವನ್ನು ತೋರಿಸುವುದಿಲ್ಲ. ಎರಡು ದ್ರವ್ಯಗಳು ಒಂದೇ ಶಿಖರವಾಗಿ ಬಂದು, ಅಂಕೆಯು ಅಚ್ಚುಕಟ್ಟಾಗಿಯೇ ಕಾಣುತ್ತದೆ.

ಅಪರಾಧಪರೀಕ್ಷೆಯ ಶಾಲೆಗಳು ಈ ಅಪಾಯವನ್ನು ಚೆನ್ನಾಗಿ ಅರಿತಿವೆ. ಮದ್ಯಪಾನದ ಆರೋಪಕ್ಕೊಳಗಾದವನ ರಕ್ತವನ್ನು ಪರೀಕ್ಷಿಸುವಾಗ, ಒಂದೇ ಆವಿಯನ್ನು ಸ್ವಭಾವಭೇದವುಳ್ಳ ಎರಡು ಸ್ತಂಭಗಳಿಗೆ ಹಂಚಿ ಹಾಯಿಸುವ ಪದ್ಧತಿ ಬಹಳ ಕಡೆ ಇದೆ. ಒಂದರಲ್ಲಿ ಬೇರೊಂದು ದ್ರವ್ಯವು ಎಥನಾಲಿನ ಮರೆಯಲ್ಲಿ ಅಡಗಿದ್ದರೆ ಮತ್ತೊಂದರಲ್ಲಿ ಅದು ಪ್ರತ್ಯೇಕವಾಗಿ ಹೊರಬರುವ ಸಂಭವವಿರುತ್ತದೆ. ಎರಡರಲ್ಲಿಯೂ ಕಾಲವೂ ಪ್ರಮಾಣವೂ ಹೊಂದಿಕೊಂಡ ಮೇಲೆಯೇ ಪರೀಕ್ಷಕನು ಅಂಕೆಯನ್ನು ನ್ಯಾಯಾಲಯಕ್ಕೆ ಬರೆದು ಕಳುಹಿಸುತ್ತಾನೆ.