ಜಯಪುರದ ಕೃತಕಪಾದ: ಶಿಲ್ಪಿಯೂ ವೈದ್ಯನೂ

ಯುದ್ಧದಲ್ಲಿ ಕಾಲನ್ನು ಕಳೆದುಕೊಂಡ ವಿಶ್ಪಲೆಗೆ ಅಶ್ವಿನೀದೇವತೆಗಳು ಲೋಹದ ಜಂಘೆಯನ್ನು ಕೊಟ್ಟರೆಂದು ಋಗ್ವೇದದ ಪ್ರಥಮ ಮಂಡಲದಲ್ಲಿ ಬಂದಿದೆ. (ವಿಶ್ಪಲೆಯು ಓಟದ ಕುದುರೆಯೆಂದು ವಾದಿಸಿದ ಪಾಶ್ಚಾತ್ಯ ಪಂಡಿತರೂ ಉಂಟು, ಆ ಚರ್ಚೆ ಇಲ್ಲಿ ಅಪ್ರಕೃತ.) ಕೊಟ್ಟವರ ಸ್ತುತಿ ಆ ಸೂಕ್ತದಲ್ಲಿ ಧಾರಾಳವಾಗಿದೆ; ಜಂಘೆಯನ್ನು ಬಡಿದು ರೂಪಿಸಿದ ಕಮ್ಮಾರನ ಹೆಸರು ಮಾತ್ರ ಇಲ್ಲ. ಇಪ್ಪತ್ತನೆಯ ಶತಮಾನದ ಜಯಪುರದಲ್ಲಿಯೂ ಇಂಥದೇ ಪ್ರಶ್ನೆಯೊಂದು ಹುಟ್ಟಿತು.

ರಾಮಚಂದ್ರ ಶರ್ಮರು ಜಯಪುರದ ಶಿಲ್ಪಿಗಳು. ಶಾಲೆಯ ವಿದ್ಯೆ ಅಲ್ಪ, ಕೈಯ ವಿದ್ಯೆ ಅಪಾರ. ಅವರು ಸವಾಯಿ ಮಾನ್‌ಸಿಂಗ್ ಆಸ್ಪತ್ರೆಗೆ ಬಂದದ್ದು ರೋಗಿಗಳಿಗೆ ಕೈಕಸಬನ್ನು ಕಲಿಸುವುದಕ್ಕಾಗಿಯೇ ಹೊರತು ಚಿಕಿತ್ಸೆಯ ಕಾರ್ಯಕ್ಕಾಗಿ ಅಲ್ಲ. ಅಲ್ಲಿಯ ಅಸ್ಥಿಚಿಕಿತ್ಸಾ ವಿಭಾಗದಲ್ಲಿ ಪ್ರಮುಖರಾಗಿದ್ದವರು ಪ್ರಮೋದ ಕರಣ ಸೇಠಿಯವರು (1927-2008). ಎಡಿನ್‌ಬರೋದಲ್ಲಿ ಶಸ್ತ್ರವೈದ್ಯದ ಉಚ್ಚ ಪದವಿಯನ್ನು ಪಡೆದವರು.

ಆ ಕಾಲದಲ್ಲಿ ಕಾಲು ಹೋದವರಿಗೆ ಪಾಶ್ಚಾತ್ಯ ಮಾದರಿಯ ಕೃತಕಪಾದಗಳನ್ನು ಜೋಡಿಸುತ್ತಿದ್ದರು. ಜೋಡಿಸಿಕೊಂಡು ಹೋದವರಲ್ಲಿ ಅನೇಕರು ಮತ್ತೆ ಊರುಗೋಲನ್ನೇ ಹಿಡಿದು ಬರುತ್ತಿದ್ದರು. ಇದಕ್ಕೆ ಕಾರಣ ರೋಗಿಯ ಹಟವಲ್ಲ. ಆ ಪಾದದ ಒಳಗಿನ ಮರದ ತುಂಡು ಉದ್ದವಾಗಿಯೂ ಬಿಗಿಯಾಗಿಯೂ ಇದ್ದುದರಿಂದ ಹರಡು ಬಾಗುತ್ತಿರಲಿಲ್ಲ. ಮೇಲೆ ಬೂಟು ತೊಡಿಸಿದಲ್ಲದೆ ಅದು ಉಪಯೋಗಕ್ಕೆ ಬಾರದು. ಬೂಟಿನೊಡನೆ ದೇವಾಲಯವನ್ನು ಹೊಗುವುದೆಂತು, ಅಡಿಗೆಯ ಮನೆಗೆ ಕಾಲಿಡುವುದೆಂತು, ನೀರು ಕಟ್ಟಿದ ಹೊಲದಲ್ಲಿ ಇಳಿಯುವುದೆಂತು? ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಲಾರದವನು ಹಳ್ಳಿಯಲ್ಲಿ ಶೌಚಕ್ಕೆ ಹೋಗುವುದೂ ಕಷ್ಟ. ಚಕ್ಕಳಮಕ್ಕಳ ಹಾಕಲಾರದವನು ಪಂಕ್ತಿಯಲ್ಲಿ ಕುಳಿತು ಉಣ್ಣಲಾರ. ಕುರ್ಚಿಯ ಮೇಲೆ ಕುಳಿತು ಬದುಕುವ ಜನರಿಗಾಗಿ ಕಲ್ಪಿಸಿದ ಪಾದವು ನೆಲದ ಮೇಲೆ ಕುಳಿತು ಬದುಕುವವರಿಗೆ ಹೊಂದಲಿಲ್ಲ. ವೈದ್ಯಶಾಸ್ತ್ರದ ದೃಷ್ಟಿಯಿಂದ ನಿರ್ದುಷ್ಟವಾದ ಆ ವಸ್ತುವಿನಲ್ಲಿ ಲೋಕವ್ಯವಹಾರದ ದೃಷ್ಟಿಯಿಂದ ಇಷ್ಟು ದೋಷಗಳಿದ್ದುವು. ರೋಗಿಗಳ ನಡುವೆ ಕೆಲಸಮಾಡುತ್ತಿದ್ದ ರಾಮಚಂದ್ರರಿಗೆ ಇದು ಕಣ್ಣಿಗೆ ಬಿದ್ದುದು ಸಹಜವೇ ಆಗಿದೆ.

ರಾಮಚಂದ್ರರ ಬೈಸಿಕಲ್ಲಿನ ಚಕ್ರ ಪಂಕ್ಚರಾದಾಗ ರಬ್ಬರಿನ ಉಪಾಯ ಹೊಳೆಯಿತೆಂಬ ಕಥೆಯೊಂದು ಪ್ರಚಾರದಲ್ಲಿದೆ. ಇಂಥ ಕಥೆಗಳು ಎಲ್ಲ ನಿರ್ಮಾಣಗಳ ಸುತ್ತಲೂ ಬೆಳೆಯುವುವು. ಸ್ಥಿರವಾದ ಅಂಶವೆಂದರೆ, ಟೈರುಗಳಿಗೆ ಹೊಸ ಮೈ ಕೊಡುವ ಅಂಗಡಿಯ ವಿದ್ಯೆಯನ್ನು ಅವರು ಆಸ್ಪತ್ರೆಗೆ ತಂದರೆಂಬುದು. ಹಿಮ್ಮಡಿಗೂ ಮುಂಗಾಲಿಗೂ ಮೆತ್ತನೆಯ ರಬ್ಬರು, ಹರಡಿನ ಬಳಿ ಮರದ ತುಂಡು, ಇವನ್ನು ಬಿಗಿಯುವುದಕ್ಕೆ ಟೈರಿನ ನೂಲಿನ ಪದರ, ಹೊರಗೆ ಚರ್ಮದ ಬಣ್ಣದ ರಬ್ಬರಿನ ಹೊದಿಕೆ. ಎಲ್ಲವನ್ನೂ ಅಚ್ಚಿನಲ್ಲಿಟ್ಟು ಕಾಯಿಸಿದರೆ ಬೆರಳುಗಳೊಡನೆ ಒಂದೇ ಪಾದವಾಗುವುದು. ಅದು ಬರಿಗಾಲಿನಲ್ಲಿ ನಡೆಯುವುದು, ಬಾಗುವುದು, ನೀರಿಗೆ ಅಂಜದು. ಮೊಳಕಾಲಿನ ಕೆಳಗಿನ ಭಾಗವನ್ನು ಅಲ್ಯೂಮಿನಿಯಂ ತಗಡಿನಿಂದ ಬಡಿದು ಮಾಡುತ್ತಿದ್ದರು. ಈ ಪಾದವು 1968ರಲ್ಲಿ ಸಿದ್ಧವಾಯಿತೆಂದು ಗಣನೆ.

1981ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿಯು ಸೇಠಿಯವರಿಗೆ ಬಂದಿತು. ಶಿಲ್ಪಿಯ ಕೀರ್ತಿ ಅದರ ನೆರಳಿನಲ್ಲಿ ಉಳಿಯಿತು. ಪಾದದ ಕರ್ತೃತ್ವವನ್ನು ಕುರಿತು ಭಿನ್ನಾಭಿಪ್ರಾಯವೂ ಬೆಳೆಯಿತು. ಸೇಠಿಯವರ ಪಾತ್ರವನ್ನು ಅಲ್ಪವೆನ್ನುವುದು ನ್ಯಾಯವಲ್ಲ. ದೇಹದ ಭಾರವು ಪಾದದಲ್ಲಿ ಹೇಗೆ ಹರಿಯುವುದೆಂಬುದನ್ನು ಬಲ್ಲವರು ಅವರು. ಅಕ್ಷರವಿದ್ಯೆ ಕಡಮೆಯಾದ ಕುಶಲನೊಬ್ಬನನ್ನು ಆಸ್ಪತ್ರೆಯಲ್ಲಿ ಸಮಾನನಂತೆ ಕಂಡು ಕೆಲಸಕ್ಕೆ ಎಡೆಮಾಡಿಕೊಟ್ಟವರೂ ಅವರೇ. ಆದರೆ ಸುಶ್ರುತನು ನೂರೊಂದು ಯಂತ್ರಗಳನ್ನು ಹೇಳಿ ಅವುಗಳಲ್ಲಿ ಕೈಯೇ ಪ್ರಧಾನವೆಂದಿರುವುದನ್ನು ನೆನೆದರೆ, ರಾಮಚಂದ್ರರನ್ನು ಕೇವಲ ಸಹಾಯಕರೆಂದು ಬರೆಯುವ ಲೇಖಕರು ಆಯುರ್ವೇದದ ಮಾತಿಗೇ ವಿರುದ್ಧವಾಗಿ ನಡೆಯುವವರೆನ್ನಬೇಕು. ಜನರ ಬಾಯಲ್ಲಂತೂ ಆ ಪಾದಕ್ಕೆ ಇಬ್ಬರ ಹೆಸರೂ ಬಾರದೆ ಊರಿನ ಹೆಸರೇ ನಿಂತಿತು.

ಮೊದಲಿನ ಏಳು ವರ್ಷ ಈ ಪಾದವನ್ನು ಪಡೆದವರು ಬಹು ಸ್ವಲ್ಪ. 1975ರಲ್ಲಿ ದೇವೇಂದ್ರ ರಾಜ್ ಮೆಹತಾ ಅವರು ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿ ಅದನ್ನು ಬಡವರಿಗೆ ಉಚಿತವಾಗಿ ಕೊಡತೊಡಗಿದ ಮೇಲೆ ಸಂಖ್ಯೆ ಏರಿತು. ಅಲ್ಯೂಮಿನಿಯಂ ಇದ್ದ ಕಡೆ ಕ್ರಮೇಣ ನೀರಿನ ಕೊಳವೆಗೆ ಬಳಸುವ ಪ್ಲಾಸ್ಟಿಕ್ ಬಂದಿತು. ನೆಲಬಾಂಬುಗಳಿಂದ ಕಾಲು ಕಳೆದುಕೊಂಡ ಆಫ್ಘಾನಿಸ್ತಾನದವರಿಗೂ ಕಾಂಬೋಡಿಯದವರಿಗೂ ಜಯಪುರದ ಪಾದವೇ ದೊರೆಯಿತು.