ಭಾನುವಾರದ ಬೀಗ

ಅಮೆರಿಕದ ಮಿನೆಸೋಟ 1858ರಲ್ಲಿ ರಾಜ್ಯವಾಯಿತು. ಅಂದಿನಿಂದ 159 ವರ್ಷ ಅಲ್ಲಿನ ಮದ್ಯದಂಗಡಿಗಳು ಭಾನುವಾರ ಬಾಗಿಲು ತೆರೆಯುವಂತಿರಲಿಲ್ಲ. ಆ ದಿನ ಬಾಟಲಿ ಬೇಕಾದವರು ಗಡಿ ದಾಟಿ ವಿಸ್ಕಾನ್ಸಿನ್‌ಗೆ ಹೋಗುತ್ತಿದ್ದರು.

ಭಾನುವಾರ ದೇವರ ದಿನವೆಂಬ ನಂಬಿಕೆಯಿಂದ ಹುಟ್ಟಿದ ಕಾನೂನು. ಹಾಗಾಗಿ ಅದರ ಪರ ನಿಂತವರು ಪಾದ್ರಿಗಳೇ ಇರಬೇಕೆಂದು ನಾನು ಎಣಿಸಿದ್ದೆ. ಓದುತ್ತಾ ಹೋದಂತೆ ಸಿಕ್ಕವರು ಸಣ್ಣ ಮದ್ಯದಂಗಡಿಗಳ ಮಾಲೀಕರು. ಆರು ದಿನದ ವ್ಯಾಪಾರವೇ ಏಳು ದಿನಕ್ಕೆ ಹಂಚಿಹೋಗುತ್ತದೆ, ಖರ್ಚು ಮಾತ್ರ ಏರುತ್ತದೆ. ದೊಡ್ಡ ಅಂಗಡಿ ತೆರೆದರೆ ನಾವೂ ತೆರೆಯಲೇಬೇಕು ಎಂಬುದು ಅವರ ಅಳಲು.

1961ರಲ್ಲಿ ಮೆಕ್‌ಗೋವನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾನುವಾರದ ಕಾನೂನುಗಳ ಮೂಲ ಧರ್ಮವಾದರೂ ಈಗಿನ ಉದ್ದೇಶ ಎಲ್ಲರಿಗೂ ಒಂದೇ ದಿನದ ವಿಶ್ರಾಂತಿ ಎಂದು ಅವನ್ನು ಎತ್ತಿಹಿಡಿಯಿತು. ಅದೇ ದಿನದ ಇನ್ನೊಂದು ತೀರ್ಪಿನಲ್ಲಿ, ಧರ್ಮಕ್ಕಾಗಿ ಶನಿವಾರ ಅಂಗಡಿ ಮುಚ್ಚುತ್ತಿದ್ದ ಫಿಲಡೆಲ್ಫಿಯಾದ ಯಹೂದಿ ವ್ಯಾಪಾರಿಗಳು ಸೋತರು. ಅವರಿಗೆ ವಾರದಲ್ಲಿ ಎರಡು ದಿನ ಬೀಗ. ಎಲ್ಲರ ವಿಶ್ರಾಂತಿ ಎಂದದ್ದು ಬಹುಸಂಖ್ಯಾತರ ವಾರದ ಲೆಕ್ಕ.

ಆದ್ದರಿಂದ 2017ರ ಜುಲೈ 2ರ ಭಾನುವಾರ ಮಿನೆಸೋಟದ ಬೀಗ ತೆರೆದದ್ದು ನನಗೆ ಸರಿಯೆನಿಸುತ್ತದೆ. ಹೊಸ ಕಾನೂನು ಯಾರಿಗೂ ತೆರೆಯಿರಿ ಎಂದು ಹೇಳಲಿಲ್ಲ. ಆದರೆ ಎದುರಿನ ಅಂಗಡಿ ತೆರೆದಿರುವಾಗ ಮನೆಯಲ್ಲಿ ಕೂರುವ ಧೈರ್ಯ ಸಣ್ಣ ವ್ಯಾಪಾರಿಗೆ ಸುಲಭವಲ್ಲ. ದೇವರ ಹೆಸರಿನ ನಿರ್ಬಂಧದೊಳಗೆ ಅವನ ರಜೆಯೂ ಅಡಗಿತ್ತು.