ಹಟ್ಟಿಯ ಕರು, ಊರಿನ ಚರಿತ್ರೆ

ವೇಣೂರಿಗೆ ಬಂದವರು ತಲೆಯೆತ್ತಿ ನೋಡುವುದು ವಾಡಿಕೆ. 1604ರಲ್ಲಿ ಅಜಿಲ ಮನೆತನದ ತಿಮ್ಮರಾಜನು ನಿಲ್ಲಿಸಿದ 35 ಅಡಿ ಎತ್ತರದ ಗೊಮ್ಮಟನು ಫಲ್ಗುಣಿ ನದಿಯ ದಡದಲ್ಲಿ ನಿಂತು, ನಾಲ್ಕು ಶತಮಾನಗಳಿಂದ ಎಲ್ಲರ ಕತ್ತನ್ನೂ ಮೇಲಕ್ಕೆ ಎತ್ತಿಸುತ್ತಿದ್ದಾನೆ. ಅರಸರ ಹೆಸರು, ಬಸದಿಗಳ ಕಾಲ, ಶಾಸನದ ಪಾಠ ಇವೆಲ್ಲ ನಮ್ಮ ಊರಿನ ಬರೆದಿಟ್ಟ ಚರಿತ್ರೆ. ಆದರೆ ಆ ಅರಸರ ಕಣಜಕ್ಕೆ ಅಕ್ಕಿ ಅಳೆದುಕೊಟ್ಟ ಮನೆಗಳು ಯಾವುದರ ಬಲದಿಂದ ಬದುಕಿದುವು ಎಂದು ಕೇಳಿದರೆ, ಕತ್ತನ್ನು ತಗ್ಗಿಸಿ, ಮನೆಯ ಮಗ್ಗುಲಿನ ಹಟ್ಟಿಯೊಳಗೆ ಇಣುಕಿ ನೋಡಬೇಕಾಗುತ್ತದೆ. ಅಲ್ಲಿ ಕಟ್ಟಿದ್ದ ಪ್ರಾಣಿ ಹೆಚ್ಚು ಎತ್ತರದ್ದಲ್ಲ. 3 ಅಡಿಯ ಗಿಡ್ಡ ಹಸು. ಅದರ ಚರಿತ್ರೆಯನ್ನು ಯಾರೂ ಕಲ್ಲಿನಲ್ಲಿ ಕೊರೆಯಿಸಲಿಲ್ಲ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕನ್ನಡ ಜಿಲ್ಲೆಯು ಕಂಪೆನಿ ಸರಕಾರದ ಕೈಸೇರಿತು. ಹೊಸದಾಗಿ ದೊರೆತ ಸೀಮೆಯಲ್ಲಿ ಏನೇನುಂಟೆಂದು ಅರಿಯಲು ಕಂಪೆನಿಯವರು ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಕಳುಹಿಸಿದರು. ಅವನು 1801ರಲ್ಲಿ ತುಳುನಾಡನ್ನು ಸುತ್ತುತ್ತ ವೇಣೂರಿಗೂ ಬಂದನು. ಬಸದಿಗಳನ್ನು ವರ್ಣಿಸಿದ ಅದೇ ಲೇಖನಿಯಿಂದ ಗದ್ದೆ, ಗೇಣಿ, ಗೊಬ್ಬರಗಳ ಸಂಗತಿಯನ್ನೂ ಬರೆದಿಟ್ಟನು. ತುಳುವರ ದನಗಳು ಬಹು ಸಣ್ಣವೆಂಬುದು ಅವನ ಕಣ್ಣಿಗೆ ಬೀಳದೆ ಹೋಗಲಿಲ್ಲ. ಘಟ್ಟದ ಮೇಲಿನ ಅಮೃತಮಹಲಿನ ದೊಡ್ಡ ಕೋಡಿನ ಎತ್ತುಗಳನ್ನು ಕಂಡವರಿಗೆ ನಮ್ಮ ದನಗಳು ಬೆಳೆಯುವುದನ್ನು ಮರೆತ ಕರುಗಳಂತೆ ತೋರಿದರೆ ಆಶ್ಚರ್ಯವಿಲ್ಲ.

ಆದರೆ ಈ ಗಿಡ್ಡತನವು ಕೊರತೆಯಲ್ಲ. ಮಳೆಯೂ ಮಣ್ಣೂ ಸೇರಿ ಕಲಿಸಿದ ಪಾಠ. ಬೆಳ್ತಂಗಡಿಯ ಸುತ್ತಮುತ್ತ ವರ್ಷಕ್ಕೆ 4000 ಮಿಲಿಮೀಟರಿಗೆ ಮೀರಿ ಮಳೆ ಸುರಿಯುತ್ತದೆ. ಆ ನೀರು ಮುರಕಲ್ಲಿನ ಗುಡ್ಡದ ಸಾರವನ್ನೆಲ್ಲ ತೊಳೆದೊಯ್ಯುವುದರಿಂದ ಹುಲ್ಲು ಹಸಿರಾಗಿದ್ದರೂ ಸತ್ತ್ವ ಕಡಿಮೆ. ಇಂಥ ಮೇವಿನಲ್ಲಿ ದೊಡ್ಡ ಮೈಯನ್ನು ಹೊರುವುದು ಸಾಧ್ಯವಿಲ್ಲ. ನೂರು ಕಿಲೋ ಆಸುಪಾಸಿನ ಮೈ, ಜಾರುವ ಇಳಿಜಾರಿನಲ್ಲಿಯೂ ಊರಿ ನಿಲ್ಲುವ ಗಟ್ಟಿ ಗೊರಸು, ಸೊಪ್ಪು ಸದೆಯನ್ನೂ ಅರಗಿಸಿಕೊಳ್ಳುವ ಹೊಟ್ಟೆ, ಇವುಳ್ಳ ದನ ಮಾತ್ರ ಇಲ್ಲಿ ಉಳಿಯಿತು. ಹಾಲು ಹೊತ್ತಿಗೆ ಅರ್ಧ ಸೇರೋ ಒಂದು ಸೇರೋ, ಅಷ್ಟೆ.

ಹಾಗಾದರೆ ಅದನ್ನು ಸಾಕಿದ್ದೇಕೆ? ಹಾಲಿಗಿಂತ ಮೊದಲು ಗೊಬ್ಬರಕ್ಕೆ. ಹಟ್ಟಿಯ ನೆಲಕ್ಕೆ ದಿನವೂ ಗುಡ್ಡದಿಂದ ತಂದ ಹಸಿಸೊಪ್ಪನ್ನೋ ತರಗೆಲೆಯನ್ನೋ ಹಾಸುವರು. ದನಗಳು ಅದನ್ನು ತುಳಿದು, ಸಗಣಿ ಗಂಜಲಗಳಲ್ಲಿ ನೆನೆಸಿ, ಮೊಣಕಾಲೆತ್ತರದ ಗೊಬ್ಬರವನ್ನಾಗಿ ಮಾಡುವುವು. ಮಳೆಗಾಲಕ್ಕೆ ಮುಂಚೆ ಅದು ಗದ್ದೆಗೆ ಹೋದರೆ ಉಂಟು ಬೆಳೆ, ಇಲ್ಲವಾದರೆ ಇಲ್ಲ. ಗದ್ದೆಯ ಹುಲ್ಲು ಹಟ್ಟಿಗೆ, ಹಟ್ಟಿಯ ಗೊಬ್ಬರ ಗದ್ದೆಗೆ, ಎರಡಕ್ಕೂ ಬೇಕಾದ ಸೊಪ್ಪು ಗುಡ್ಡದಿಂದ: ಈ ಮೂರರ ನಂಟಿನಿಂದ ಒಂದು ಸಂಸಾರ ನಡೆಯುತ್ತಿತ್ತು.

ಕಂದಾಯದ ಕಾಯಿದೆಯೂ ಈ ನಂಟನ್ನು ಗುರುತಿಸಿತ್ತು. ದಕ್ಷಿಣ ಕನ್ನಡದವರಿಗೆ ಕುಮ್ಕಿ ಎಂಬ ಮಾತು ಹೊಸದಲ್ಲ. 1866ಕ್ಕಿಂತ ಹಿಂದಿನ ವರ್ಗದ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಗುಡ್ಡದಲ್ಲಿ ಸೊಪ್ಪು, ಸೌದೆ, ಮೇವುಗಳನ್ನು ಪಡೆಯುವ ಸೌಲಭ್ಯಕ್ಕೆ ಆ ಹೆಸರು. 1956ರಲ್ಲಿ ಜಿಲ್ಲೆಯು ಮದರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಈ ಹಕ್ಕು ಅಳಿಯಲಿಲ್ಲ. 1964ರ ಭೂಕಂದಾಯ ಕಾಯಿದೆ ಅದನ್ನು ಉಳಿಸಿಕೊಂಡಿತು. ಕಡತದಲ್ಲಿ ಇದು ಜಮೀನಿನ ಮಾತಾಗಿ ಕಂಡರೂ, ಒಳಹೊಕ್ಕು ನೋಡಿದರೆ ಹಸುವಿನ ಹೊಟ್ಟೆಯ ಮಾತು.

ಇಂತಹ ಮನೆಯಲ್ಲಿ ಹಸು ಕರು ಹಾಕುವುದೆಂದರೆ ಹೆರಿಗೆಯಷ್ಟೇ ದೊಡ್ಡ ಸಂಗತಿ. ವೇಣೂರಿನ ಸಮೀಪ ನನ್ನ ತಾಯಿಯ ತವರಿನ ಹಟ್ಟಿಯಲ್ಲಿ ನಾನೇ ಇದನ್ನು ಹಲವು ಸಲ ಕಂಡವನು. ಕೆಚ್ಚಲು ಬಿಗಿದು, ಹಸು ಎದ್ದು ಕುಳಿತು ಮಾಡಲಾರಂಭಿಸಿತೆಂದರೆ ಅಜ್ಜಿ ಆ ರಾತ್ರಿ ನಿದ್ರಿಸುತ್ತಿರಲಿಲ್ಲ. ಮುಂಗಾಲುಗಳ ಗೊರಸು ಮೊದಲು, ಅದರ ಮೇಲೆ ಇಟ್ಟ ಮೂತಿ ಆಮೇಲೆ. ಈ ಕ್ರಮ ಕಂಡರೆ ಭಯವಿಲ್ಲ. ಗಿಡ್ಡ ಹಸುವಿಗೆ ಹೆಚ್ಚಾಗಿ ಯಾರ ನೆರವೂ ಬೇಕಾಗದು. ಬೈಹುಲ್ಲಿನ ಮೇಲೆ ಬಿದ್ದ ಪುಟ್ಟ ಕರುವನ್ನು ತಾಯಿ ನೆಕ್ಕಿ ಒಣಗಿಸುವಷ್ಟರಲ್ಲಿ, ಅಜ್ಜಿ ಗೊರಸಿನ ತುದಿಯ ಮೆತ್ತನೆಯ ಭಾಗವನ್ನು ಚಿವುಟಿ ತೆಗೆದು ಹೊಕ್ಕುಳಿಗೆ ಅರಸಿನ ಹಚ್ಚುತ್ತಿದ್ದರು. ಹಸುವಿಗೆ ಬೆಲ್ಲ ಹಾಕಿದ ಬಿಸಿ ಗಂಜಿ. ಮಾಸು ಬೀಳಲೆಂದು ಬಿದಿರಿನ ಸೊಪ್ಪು. ಬಿದ್ದ ಮಾಸನ್ನು ನಾಯಿ ಮುಟ್ಟದಂತೆ ಹುಲ್ಲಿನಲ್ಲಿ ಸುತ್ತಿ ಹಾಲು ಸುರಿಯುವ ಮರಕ್ಕೆ ಕಟ್ಟುವರು. ಮರದ ಹಾಲಿನಂತೆ ಹಸುವಿನ ಹಾಲೂ ಹೆಚ್ಚಲಿ ಎಂಬುದು ನಂಬಿಕೆ.

ಕರು ಹಾಕಿದ ಹತ್ತು ದಿನ ಆ ಹಾಲು ದೇವರಿಗೆ ಸಲ್ಲದು. ಇದು ಮನುಸ್ಮೃತಿಯಷ್ಟು ಹಳೆಯ ಕಟ್ಟು. ಹತ್ತು ದಿನ ತುಂಬದ ಹಸುವಿನ ಹಾಲನ್ನು ಅದು ನಿಷೇಧಿಸಿದೆ. ನಮ್ಮ ಮನೆಯಲ್ಲಿ ಒಂದಿಷ್ಟು ಗಿಣ್ಣು ಮಾಡುವುದುಂಟು. ಆದರೆ ಮಕ್ಕಳಾದ ನಾವು ಬಟ್ಟಲು ಹಿಡಿದು ಅವಸರಪಡಿಸಿದರೆ ಅಜ್ಜಿ, “ಮೊದಲು ಕಂಜಿಗೆ ಹೊಟ್ಟೆ ತುಂಬಲಿ ಮಕ್ಕಳೇ, ಮತ್ತೆ ನಿಮಗೆ” ಎನ್ನುತ್ತಿದ್ದರು. ತುಳುವಿನಲ್ಲಿ ಕಂಜಿಯೆಂದರೆ ಕರು. ಆ ಮಾತಿನಲ್ಲಿದ್ದುದು ಬರಿಯ ಮರುಕವಲ್ಲ. ಗರ್ಭದೊಳಗಿರುವಾಗ ರೋಗವನ್ನು ತಡೆಯುವ ಶಕ್ತಿ ಕರುವಿಗೆ ತಾಯಿಯ ರಕ್ತದಿಂದ ಬರುವುದಿಲ್ಲ. ಹುಟ್ಟಿದ ಕೆಲವು ಗಂಟೆಗಳೊಳಗೆ ಕುಡಿದ ಗಿಣ್ಣು ಹಾಲಿನಿಂದಲೇ ಬರಬೇಕು. ಪಶುವೈದ್ಯರು ಇಂದು ಹೇಳುವುದನ್ನು ಆಚಾರವು ಬೇರೊಂದು ಭಾಷೆಯಲ್ಲಿ ಹೇಳಿತ್ತು.

ಕರುವಿಗೆ ಇಷ್ಟು ಬೆಲೆ ಬರಲು ಇನ್ನೊಂದು ಕಾರಣವುಂಟು. ನೆಲವು ಒಡೆಯನದು, ಬೆಳೆಯ ಬಹುಪಾಲು ಗೇಣಿಗೆ. ಆದರೆ ಹಟ್ಟಿಯ ಕರು ತನ್ನದು ಎಂದು ಚಾಲಗೇಣಿಯ ಒಕ್ಕಲು ಹೇಳಬಹುದಾಗಿತ್ತು. ಒಬ್ಬರ ಹಸುವನ್ನು ಇನ್ನೊಬ್ಬರು ಪಾಲಿಗೆ ಸಾಕಿ, ಹುಟ್ಟಿದ ಕರುಗಳಲ್ಲಿ ತಮ್ಮ ಪಾಲನ್ನು ಪಡೆಯುವ ಪದ್ಧತಿಯಿಂದ ಏನೂ ಇಲ್ಲದವನಿಗೂ ಒಂದು ಜೀವದ ಒಡೆತನ ದೊರೆಯುತ್ತಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲಿ ಪ್ರಕಟವಾಯಿತು. ಆ ಚೋಮನಿಗೆ ಒಂದು ಜೊತೆ ಎತ್ತುಗಳುಂಟು. ಕಾಡಿನಲ್ಲಿ ಸಿಕ್ಕಿದುವನ್ನು ತಂದು ಸಾಕಿದವನು ಅವನೇ. ಉಳಲು ನೆಲವಿಲ್ಲ. ಈ ಕಾದಂಬರಿಯನ್ನು ತರಗತಿಯಲ್ಲಿ ಪಾಠ ಮಾಡುವಾಗಲೆಲ್ಲ ನನಗೆ ಅನ್ನಿಸುವುದು ಇದು: ದನವನ್ನು ಹೊಂದಲು ಸಮಾಜ ಅವನಿಗೆ ಅಡ್ಡಿಮಾಡಲಿಲ್ಲ, ಆ ದನದಿಂದ ಬೇಸಾಯಗಾರನಾಗಲು ಮಾತ್ರ ಬಿಡಲಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಈ ಜಿಲ್ಲೆಯ ಸಾವಿರಾರು ಗೇಣಿದಾರರು ಒಡೆಯರಾದರು. ಗೇಣಿಚೀಟಿಯೇ ಇಲ್ಲದ ಚೋಮನಂಥವರಿಗೆ ಅದು ಸುಲಭದಲ್ಲಿ ಎಟುಕಲಿಲ್ಲ.

ಸಣ್ಣ ಪ್ರಾಣಿಯನ್ನು ಪರರ ಅಳತೆಗೋಲಿನಿಂದ ಅಳೆದರೆ ಏನಾಗುವುದೆಂಬುದಕ್ಕೆ ದೂರದ ಒಂದು ನಿದರ್ಶನವನ್ನು ಹೇಳಬಹುದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಅಲ್ಪಾಕ ಎಂಬ ಉಣ್ಣೆಯ ಪ್ರಾಣಿಯುಂಟು. ಒಂಟೆಯ ಬಳಗದ್ದು, ಆದರೆ ಡುಬ್ಬವಿಲ್ಲ. 1532ರಲ್ಲಿ ಪೆರುವಿನ ಇಂಕಾ ರಾಜ್ಯದೊಳಕ್ಕೆ ನುಗ್ಗಿದ ಸ್ಪೇನಿನವರ ಹಿಂದೆಯೇ ಅವರ ಕುರಿ ದನಗಳೂ ಬಂದುವು. ಒಳ್ಳೆಯ ಹುಲ್ಲುಗಾವಲು ಅವುಗಳ ಪಾಲಾಯಿತು; ಅಲ್ಪಾಕಗಳು ಬಹುಸಂಖ್ಯೆಯಲ್ಲಿ ಅಳಿದು, ಉಳಿದುವು 4000 ಮೀಟರ್ ಎತ್ತರದ ಚಳಿಬಯಲನ್ನು ಸೇರಿದುವು. ಅಲ್ಲಿ ಅವುಗಳನ್ನು ಕಾಪಾಡಿದವರು ಬಡ ಸಂಸಾರಗಳವರು. ಅಲ್ಪಾಕದ ತಾಯಿ ಮರಿಯನ್ನು ನೆಕ್ಕುವುದಿಲ್ಲ. ಅದಕ್ಕೇ ಇರಬೇಕು, ಮರಿ ಹೆಚ್ಚಾಗಿ ಬೆಳಗಿನಲ್ಲಿಯೇ ಹುಟ್ಟಿ, ಇರುಳ ಹಿಮ ಬೀಳುವುದರೊಳಗೆ ಬಿಸಿಲಿಗೆ ಮೈ ಒಣಗಿಸಿಕೊಳ್ಳುತ್ತದೆ. ನಮ್ಮ ಹಸುವನ್ನು ಮಳೆ ತಿದ್ದಿದಂತೆ ಅದನ್ನು ಚಳಿ ತಿದ್ದಿದೆ.

ನಮ್ಮಲ್ಲಿ ಅಳತೆಗೋಲು ಬದಲಾದುದು ಹಾಲಿನ ಕಾಲದಲ್ಲಿ. ನೆರೆಯ ಕೇರಳವು 1961ರ ಕಾಯಿದೆಯಿಂದ ನಾಡುಗೂಳಿಗಳಿಗೆ ತಡೆಯೊಡ್ಡಿತು. ಅಲ್ಲಿನ ವೆಚ್ಚೂರು ಎಂಬ ಗಿಡ್ಡ ತಳಿ ಹೆಚ್ಚುಕಡಿಮೆ ಇಲ್ಲವೇ ಆಯಿತು. 1989ರಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಸೋಸಮ್ಮ ಐಪ್ ಎಂಬ ಅಧ್ಯಾಪಿಕೆ ತಮ್ಮ ವಿದ್ಯಾರ್ಥಿಗಳೊಂದಿಗೆ ಹಳ್ಳಿಹಳ್ಳಿ ಹುಡುಕಿ, ದೊರೆತ ಕೆಲವೇ ಹಸುಗಳಿಂದ ಅದನ್ನು ಉಳಿಸಬೇಕಾಯಿತು. ಕರ್ನಾಟಕದಲ್ಲಿ 1974ರಲ್ಲಿ ಹೈನು ಅಭಿವೃದ್ಧಿ ನಿಗಮವೂ 1984ರಲ್ಲಿ ಹಾಲು ಮಹಾಮಂಡಳವೂ ಸ್ಥಾಪನೆಯಾದುವು. ಕೃತಕ ಗರ್ಭಧಾರಣೆ ಹಳ್ಳಿಯನ್ನು ಹೊಕ್ಕಿತು. ಜೆರ್ಸಿ, ಹೋಲ್‌ಸ್ಟೀನ್ ಮಿಶ್ರತಳಿಗಳು ಹಟ್ಟಿಗೆ ಬಂದುವು. ಇದನ್ನು ಕೆಡುಕೆಂದು ನಾನು ಹೇಳಲಾರೆ. ವಾರಕ್ಕೊಮ್ಮೆ ಹಾಲಿನ ಹಣ ಹೆಂಗಸರ ಕೈಗೆ ಬಂದುದರಿಂದ ಎಷ್ಟೋ ಮನೆಯ ಮಕ್ಕಳು ಕಾಲೇಜಿನ ಮೆಟ್ಟಿಲೇರಿದ್ದಾರೆ. ಅವರಲ್ಲಿ ಕೆಲವರು ನನ್ನ ತರಗತಿಯಲ್ಲಿಯೇ ಕುಳಿತವರು. ಆದರೆ ಲೀಟರೊಂದೇ ಲೆಕ್ಕವಾದಾಗ ಗೊಬ್ಬರ, ಗಟ್ಟಿ ಗೊರಸು, ಔಷಧವಿಲ್ಲದೆ ನಡೆದುಹೋಗುವ ಹೆರಿಗೆ ಇವು ಯಾವ ಪುಸ್ತಕದಲ್ಲಿಯೂ ಜಮೆಯಾಗಲಿಲ್ಲ.

ಆಮೇಲಿನದು ವಾಚಕರು ಊರಿಗೆ ಹೋದಾಗ ಕಣ್ಣಾರೆ ಕಂಡಿರುವುದೇ. ಗದ್ದೆ ಅಡಕೆತೋಟವಾಯಿತು, ಬೈಹುಲ್ಲು ಇಲ್ಲವಾಯಿತು. ಎಷ್ಟೋ ಗುಡ್ಡಗಳಲ್ಲಿ ರಬ್ಬರು ಬಂತು, ಸೊಪ್ಪು ಹೋಯಿತು. ನೆಟ್ಟಗಿದ್ದ ಹಟ್ಟಿ ಬೈಕು ನಿಲ್ಲಿಸುವ ಕೊಟ್ಟಿಗೆಯಾಯಿತು. ದೀಪಾವಳಿಯ ಗೋಪೂಜೆಗೆ ನೆರೆಮನೆಯ ಹಸುವನ್ನು ಕರೆತರುವ ಮನೆಗಳನ್ನು ನಾನು ಬಲ್ಲೆ. ಇತ್ತ ಹಟ್ಟಿಗಳು ಬರಿದಾಗುತ್ತಿರಲು, ಅತ್ತ 2012ರಲ್ಲಿ ‘ಮಲೆನಾಡು ಗಿಡ್ಡ’ ಎಂಬ ಹೆಸರಿನಿಂದ ಈ ದನಕ್ಕೆ ರಾಷ್ಟ್ರೀಯ ತಳಿಪಟ್ಟಿಯಲ್ಲಿ ಮನ್ನಣೆ ಸಿಕ್ಕಿತು.

ಮನ್ನಣೆ ಸಂತೋಷದ ವಿಷಯವೇ. ಆದರೆ ಪಟ್ಟಿಯಲ್ಲಿ ಹೆಸರಿದ್ದಮಾತ್ರಕ್ಕೆ ಕರು ಹುಟ್ಟದು. ಇಂದು ಗಿಡ್ಡ ಹಸುವನ್ನು ಪ್ರೀತಿಯಿಂದ ಸಾಕುವ ಮನೆಗಳು ಅಲ್ಲಲ್ಲಿ ಉಂಟು; ಗೂಳಿಯನ್ನು ಸಾಕುವವರು ವಿರಳ. ಗಂಡುಕರುವಿಗೆ ಉಳುಮೆಯ ಕೆಲಸ ತಪ್ಪಿಹೋಗಿದೆ. ಅದನ್ನು ಮೇಯಿಸಿ ಬೆಳೆಸುವ ಖರ್ಚನ್ನು ಒಂದೇ ಸಂಸಾರ ಹೊರಲಾರದು. ಹಿಂದೆ ದೇವರ ಹೆಸರಿನಲ್ಲಿ ಬಿಟ್ಟ ಗೂಳಿಯನ್ನು ಊರೇ ಸಾಕುತ್ತಿತ್ತು. ಯಾರ ಗದ್ದೆಯಲ್ಲಿ ಮೇದರೂ ಬೈಗುಳದ ಹೊರತು ಬೇರೆ ಶಿಕ್ಷೆಯಿರಲಿಲ್ಲ. ನಾಲ್ಕಾರು ಮನೆಗಳವರು ಕೂಡಿ ಊರಿಗೊಂದು ಒಳ್ಳೆಯ ಗಂಡುಕರುವನ್ನು ಉಳಿಸಿಕೊಂಡರೆ, ಈ ಪುಟ್ಟ ಹಸುವಿನ ಚರಿತ್ರೆಗೆ ಇನ್ನೂ ಕೆಲವು ತಲೆಮಾರು ಸೇರಬಹುದು. ಇಲ್ಲವಾದರೆ ಈಗ ಹಟ್ಟಿಯಲ್ಲಿ ಇರುವ ಹಸುಗಳೇ ಕೊನೆಯವು.